ಗುಂಡಮರಡಿಯ ಕೆಂಪು ಚುಕ್ಕಿಗಳು

ನಾಹೀದಾ ಮೇಡಂ ನನ್ನ ಬೊಲೆರೊ ಹತ್ತಿದ ಮೊದಲ ದಿನ ಹೇಳಿದ್ದು ಒಂದೇ ಮಾತು. "ಹಾಲೇಶಣ್ಣ, ಮೂವತ್ತರ ಮ್ಯಾಲ ಹೋಗಬ್ಯಾಡ್ರಿ."

ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದವನಿಗೆ ಇದು ಸಣ್ಣ ಶಿಕ್ಷೆಯೇನಲ್ಲ. ಕುಷ್ಟಗಿ ರಸ್ತೆಯಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರುಗಳು ನನ್ನನ್ನು ಹಿಂದೆ ಹಾಕಿ ಹೋದವು. ನಮ್ಮ ಕುಕನೂರಿನ ಗಾಳೇಶ ಟಂಟಂ ಓಡಿಸುತ್ತ ಪಕ್ಕಕ್ಕೆ ಬಂದು, "ಏನಲೇ ಹಾಲ್ಯಾ, ಗಾಡ್ಯಾಗ ಬಾಣಂತಿ ಅದಾಳೇನು?" ಎಂದು ಕೂಗಿ, ನನ್ನ ಉತ್ತರಕ್ಕೂ ಕಾಯದೆ ಮುಂದೆ ಹೋದ.

ಆದರೆ ಕೆಲಸವೇ ಹಾಗಿತ್ತು. ಒಂದು ಮೊಬೈಲ್ ಕಂಪನಿ ನಮ್ಮ ಜಿಲ್ಲೆಯಲ್ಲಿ ಹೊಸ ಟವರುಗಳನ್ನು ನಿಲ್ಲಿಸಬೇಕಿತ್ತು. ಯಾವ ಊರಿಗೆ ಸಿಗ್ನಲ್ ತಲುಪುತ್ತದೆ, ಯಾವ ಊರಿಗೆ ತಲುಪುವುದಿಲ್ಲ ಎಂದು ಮೊದಲು ಕಂಪ್ಯೂಟರ್ ಊಹೆ ಮಾಡುತ್ತದೆ. ಟವರಿನ ಎತ್ತರ, ನೆಲದ ಏರಿಳಿತ, ಗಿಡ, ಮನೆ ಎಲ್ಲವನ್ನೂ ಲೆಕ್ಕ ಹಾಕಿ ನಕಾಶೆಗೆ ಬಣ್ಣ ಬಳಿಯುತ್ತದೆ. ಚೆನ್ನಾಗಿ ಬರುವಲ್ಲಿ ಹಸಿರು, ಅಷ್ಟಕ್ಕಷ್ಟೆ ಎನ್ನುವಲ್ಲಿ ಹಳದಿ, ಬರದ ಕಡೆ ಕೆಂಪು. ಊಹೆ ಎಷ್ಟು ಸರಿ ಎಂದು ನೋಡಲು ನಮ್ಮಂಥವರು ಗಾಡಿಯ ತಲೆಯ ಮೇಲೆ ಆಂಟೆನಾ ಸಿಕ್ಕಿಸಿಕೊಂಡು, ಒಳಗೆ ಒಂದು ಅಳತೆಯ ಪೆಟ್ಟಿಗೆ ಇಟ್ಟುಕೊಂಡು ಊರೂರು ಸುತ್ತಬೇಕು. ಸಂತೆಯಲ್ಲಿ ಎತ್ತಿನ ವಯಸ್ಸನ್ನು ದೂರದಿಂದ ಅಂದಾಜು ಮಾಡಿ, ಆಮೇಲೆ ಬಾಯಿ ಬಿಡಿಸಿ ಹಲ್ಲು ಎಣಿಸುತ್ತೇವಲ್ಲ, ಇದೂ ಹಾಗೇ. ಹತ್ತು ಎತ್ತಿನ ಹಲ್ಲು ನೋಡಿದವನು ಹನ್ನೊಂದನೆಯದರ ಅಂದಾಜು ತಪ್ಪುವುದಿಲ್ಲ. ಅಳೆದ ಊರುಗಳಿಂದ ಲೆಕ್ಕ ತಿದ್ದಿಕೊಂಡರೆ ಅಳೆಯದ ಊರುಗಳ ಬಣ್ಣವೂ ಸರಿಯಾಗುತ್ತದೆ ಎನ್ನುವುದು ಮೇಡಂ ಅವರ ವಿದ್ಯೆ.

ಗಂಗಾವತಿ ಕಡೆ ಗದ್ದೆ ಬಯಲಿನಲ್ಲಿ ಊಹೆಯೂ ಅಳತೆಯೂ ಅಕ್ಕಪಕ್ಕ ಕೂತವು. ಅದು ಮೇಡಂ ಅವರ ತವರೂರು ಬೇರೆ. ಕೆಲಸ ಮುಗಿಸಿ ಅವರ ತಾಯಿಯ ಕೈಯ ಬಿಸಿ ಪಲಾವ್ ಉಂಡು ಬಂದೆವು. ಹನುಮನಹಳ್ಳಿ ಕಡೆ ಹೋದಾಗ ಆ ಬಂಡೆಗಲ್ಲುಗಳ ನಡುವೆ ಲೆಕ್ಕ ಸ್ವಲ್ಪ ಚೆಲ್ಲಾಪಿಲ್ಲಿಯಾಯಿತು, ಮೇಡಂ ಎರಡು ದಿನ ತಲೆ ಕೆಡಿಸಿಕೊಂಡು ತಿದ್ದಿದರು. ಯಲಬುರ್ಗಾ ಮುಗಿಸಿ, ಕುಷ್ಟಗಿ ತಾಲೂಕಿಗೆ ಬಂದೆವು. ನವೆಂಬರ್ ತಿಂಗಳು. ಸಜ್ಜೆ ಕೊಯ್ದಾಗಿತ್ತು, ಕಡಲೆ ಗೇಣೆತ್ತರಕ್ಕೆ ಬಂದಿತ್ತು. ಬಿಸಿಲೂ ಹಗುರವಾಗಿತ್ತು.

ಹಾಗೆ ಒಂದು ಬೆಳಿಗ್ಗೆ ಗುಂಡಮರಡಿಗೆ ಹೋದೆವು. ಅಲ್ಲಿ ಶಂಕ್ರಮ್ಮ ಎಂಬಾಕೆಯ ರೇಷನ್ ಅಂಗಡಿ ಊರಲ್ಲಿ ಉಳಿಯಬೇಕೋ, ಆರು ಕಿಲೋಮೀಟರ್ ಆಚೆಯ ಹಿರೇಕೊಪ್ಪಕ್ಕೆ ಹೋಗಬೇಕೋ ಎನ್ನುವುದು ಆ ದಿನ ನಮ್ಮ ಗಾಡಿಯ ಮೇಲಿನ ಆಂಟೆನಾ ಹೇಳುವ ಮಾತಿನ ಮೇಲೆ ನಿಂತಿತ್ತು. ಅದು ಆಕೆಗೆ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ.

ಊರ ಅಗಸೆಯಲ್ಲಿ ಪಂಚಾಯಿತಿ ಮೆಂಬರ್ ಈಶಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬೈಕಿನ ಮೇಲೆ ಕಾಯುತ್ತಿದ್ದ. ಹಿಂದೆ ಇನ್ನೂ ನಾಲ್ಕು ಬೈಕು. ಮೇಡಂಗೆ ಒಂದು ಶಾಲು, ನನಗೊಂದು ಟವೆಲ್ಲು.

"ಎಲ್ಲಾ ತಯಾರಿ ಮಾಡೀವ್ರಿ ಮೇಡಂ," ಎಂದ ಈಶಪ್ಪ. "ಊರ ತುಂಬ ಫೋನ್ ಬಂದ್ ಮಾಡಿಸೀನಿ. ಸಿಗ್ನಲ್ ಯಾರೂ ಹಂಚಿಕೊಳ್ಳೂದು ಬ್ಯಾಡ, ಪೂರಾ ನಿಮಗ ಸಿಗ್ಲಿ ಅಂತ."

ಮೇಡಂ ನಗು ತಡೆದುಕೊಂಡು, "ಹಂಗೇನೂ ಬೇಕಾಗಿರಲಿಲ್ಲರಿ," ಎಂದರು.

"ಇರ್ಲಿ ಬಿಡ್ರಿ. ಊರಿನ ಮರ್ಯಾದಿ ಪ್ರಶ್ನೆ."

ಈ ಈಶಪ್ಪ ಕೆಟ್ಟ ಮನುಷ್ಯನಲ್ಲ. ಎರಡು ವರ್ಷದ ಹಿಂದೆ ಸ್ವಚ್ಛ ಗ್ರಾಮದ ತಪಾಸಣೆಗೆ ತಂಡ ಬಂದಾಗ ಊರಿಗೆಲ್ಲ ಸುಣ್ಣ ಹೊಡೆಸಿ, ತಿಪ್ಪೆಗಳಿಗೆ ಹಸಿರು ಪರದೆ ಕಟ್ಟಿಸಿ, ತಂಡವನ್ನು ಒಳ್ಳೆಯ ಓಣಿಗಳಲ್ಲಷ್ಟೇ ಓಡಾಡಿಸಿ, ತಾಲೂಕಿಗೆ ಎರಡನೇ ಬಹುಮಾನ ತಂದಿದ್ದ. ಅದರ ಸರ್ಟಿಫಿಕೇಟು ಅವನ ಮನೆಯ ಪಡಸಾಲೆಯಲ್ಲಿ ಚೌಕಟ್ಟಿನೊಳಗಿತ್ತು. ಅಂದಿನಿಂದ ಹೊರಗಿನವರು ಯಾರು ಏನು ಅಳೆಯಲು ಬಂದರೂ ಅವನಿಗೆ ಅದು ತಪಾಸಣೆಯೇ.

ನಮ್ಮ ದಾರಿ ಊರ ನಡುವಿನಿಂದ ಹೋಗಬೇಕಿತ್ತು. ಆದರೆ ನಳದ ಪೈಪಿಗಾಗಿ ನಡುಬೀದಿ ಅಗೆದುಹಾಕಿದ್ದರು. "ಅಲ್ಲಿ ಬ್ಯಾಡ್ರಿ, ಗಾಡಿ ಸಿಕ್ಕೊಂತೈತಿ. ನಮ್ಮ ಹಿಂದ ಬರ್ರಿ," ಎಂದು ಈಶಪ್ಪ ಮುಂದೆ ಹೊರಟ. ನಾನೂ ಅವನ ಹಿಂದೆ ಹೋದೆ. ದಾರಿ ಬಲ್ಲವನು ಮುಂದೆ ಹೋಗುತ್ತಿದ್ದರೆ ಡ್ರೈವರನಾದವನಿಗೆ ಅದೊಂದು ಸುಖ. ಊರ ಹೊರಗಿನ ರಸ್ತೆ ಸುತ್ತಿ, ಶಾಲೆಯ ಬಯಲು ಮುಟ್ಟಿ, ಕೊನೆಗೆ ಊರ ಮಗ್ಗುಲಿಗಿದ್ದ ಒಂದು ಕಲ್ಲಿನ ಗುಡ್ಡದ ಮೇಲೆ ಹತ್ತಿಸಿದ. ಲಾರಿ ಹೋಗುವಷ್ಟು ಅಗಲದ ದಾರಿ ಇತ್ತು.

"ನೋಡ್ರಿ ಇಲ್ಲಿ! ನಾಕು ಕಡ್ಡಿ!" ಈಶಪ್ಪ ತನ್ನ ಫೋನನ್ನು ಗೆದ್ದ ಕಪ್ಪಿನಂತೆ ಎತ್ತಿ ಹಿಡಿದ. "ಇಲ್ಲೇ ಎಷ್ಟು ಹೊತ್ತು ಬೇಕಾದ್ರೂ ಅಳೀರಿ."

ಊಟಕ್ಕೆ ಅವನ ಮನೆಗೇ ಹೋದೆವು. ಮನೆ ಊರಿನಿಂದ ಆಚೆ, ಕ್ರಾಸಿನ ಏರಿನ ಮೇಲಿದೆ. ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಪುಡಿ, ಮೇಲೆ ಶೇಂಗಾ ಹೋಳಿಗೆ. ಉಣ್ಣುತ್ತಲೇ ಮೇಡಂ ಲ್ಯಾಪ್‌ಟಾಪ್ ತೆರೆದರು. ಊಹೆಯ ಹಸಿರಿನ ಮೇಲೆ ನಾವು ಅಳೆದ ಚುಕ್ಕಿಗಳೂ ಹಸಿರಾಗಿಯೇ ಬಂದಿದ್ದವು.

"ಹಾಲೇಶಣ್ಣ, ಊಹೆಗೂ ಅಳತೆಗೂ ಬರೀ ಮೂರು ಅಂಕಿ ಫರಕು! ಇಡೀ ಜಿಲ್ಲಾದಾಗ ಇಷ್ಟು ಛಂದ ಕೂಡಿದ ಊರೇ ಇಲ್ಲ." ಆಮೇಲೆ ಮೆಲ್ಲಗೆ, "ಇಲ್ಲಿಗೆ ಹೊಸ ಟವರ್ ಬೇಕಾಗಂಗಿಲ್ಲ, ಪಟ್ಟಿಯಿಂದ ಬಿಡಬಹುದು," ಎಂದು ತಮಗೆ ತಾವೇ ಹೇಳಿಕೊಂಡರು.

ಈಶಪ್ಪ ತುಪ್ಪ ತರಲು ಒಳಗೆ ಹೋಗಿದ್ದ. ಅವನಿಗೆ ಇದು ಕೇಳಿಸಲಿಲ್ಲ.

ನಾನು ಕೈ ತೊಳೆದು ಎಲೆ ಅಡಿಕೆ ಹಾಕಿಕೊಂಡು ಹೊರಗೆ ಬಂದೆ. ದೊಡ್ಡವರು ಉಂಡು ಮುಗಿಸುವವರೆಗೆ ಊರು ನೋಡುವುದು ನನ್ನ ಹಳೆಯ ರೂಢಿ. ಕೆಳಗಿನ ದಾರಿಯಲ್ಲಿ ಇಬ್ಬರು ಹೆಂಗಸರು ಆ ಕಲ್ಲಿನ ಗುಡ್ಡದ ಕಡೆ ನಡೆಯುತ್ತಿದ್ದರು. ನಲವತ್ತರ ಆಸುಪಾಸಿನವಳು ಬಗಲಲ್ಲಿ ಒಂದು ಬಟ್ಟೆಯ ಚೀಲ ಅವುಚಿಕೊಂಡಿದ್ದಳು. ಇನ್ನೊಬ್ಬಳು ಕೋಲು ಊರಿಕೊಂಡು ಬರುತ್ತಿದ್ದ ಮುದುಕಿ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು.

"ಎಲ್ಲಿಗೆ ಹೊಂಟೀರಕ್ಕಾ, ಇಷ್ಟು ಬಿಸಿಲಾಗ?"

"ಹೆಬ್ಬೆಟ್ಟು ಒತ್ತಾಕ," ಎಂದಳು ಚೀಲದವಳು.

"ಗುಡ್ಡದ ಮ್ಯಾಲಾ?"

ಮುದುಕಿ ಕೋಲಿನ ಮೇಲೆ ಎರಡೂ ಕೈ ಇಟ್ಟು ನನ್ನನ್ನು ನೋಡಿದಳು. "ಅಂಜನಾದ್ರಿ ಒಂದ ಸಲ ಹತ್ತೀನಪಾ, ಪುಣ್ಯೇ ಬಂತು. ಈ ಕಲ್ಲಿನ ಗುಡ್ಡ ತಿಂಗಳಿಗೊಮ್ಮೆ ಹತ್ತತೀನಿ, ಐದು ಕಿಲೋ ಅಕ್ಕಿ ಬರ್ತೈತಿ. ನೀನ ಹೇಳು, ಯಾವ ದೇವರು ದೊಡ್ಡಾಂವ?"

ಚೀಲದವಳೇ ಶಂಕ್ರಮ್ಮ. ಮುದುಕಿಯ ಹೆಸರು ಮುದುಕಮ್ಮ. ರೇಷನ್ ಕೊಡಬೇಕಾದರೆ ಮಷಿನಿನ ಮೇಲೆ ಹೆಬ್ಬೆಟ್ಟು ಒತ್ತಬೇಕು, ಮಷಿನಿಗೆ ನೆಟ್‌ವರ್ಕ್ ಬೇಕು, ಅಂಗಡಿಯಲ್ಲಿ ನೆಟ್‌ವರ್ಕ್ ಇಲ್ಲ. ಅದಕ್ಕೆ ಪ್ರತಿ ತಿಂಗಳು ಮಷಿನನ್ನು ಗುಡ್ಡಕ್ಕೆ ಹೊತ್ತುಕೊಂಡು ಹೋಗುತ್ತಾಳೆ, ಇನ್ನೂರು ಮನೆಯವರು ಅವಳ ಹಿಂದೆ ಹತ್ತುತ್ತಾರೆ.

"ಇದು ಕಡೀ ತಿಂಗಳೋ ಏನೋರಿ," ಎಂದಳು ಶಂಕ್ರಮ್ಮ. "ನೆಟ್‌ವರ್ಕ್ ಇಲ್ಲದ ಅಂಗಡೀನ ಹಿರೇಕೊಪ್ಪಕ್ಕ ಕೂಡಸ್ತೀವಿ ಅಂತ ನೋಟಿಸ್ ಬಂದೈತಿ. ಹೊಸ ಟವರಿನ ಪಟ್ಟಿಯಾಗ ಊರಿನ ಹೆಸರು ಇದ್ರ ಅಷ್ಟರ ತನಕ ಇಲ್ಲೇ ಇರ್ಲಿ ಅಂದಾರ. ಈ ಅವ್ವ ಆರು ಕಿಲೋಮೀಟರ್ ಹೋಗಿ ಅಕ್ಕಿ ಹೊತ್ತು ತರ್ತಾಳೇನು, ನೀವ ಹೇಳ್ರಿ."

"ಮತ್ತ ಮೇಡಂ ಬಂದಾಗ ಇದನ್ನ ಯಾಕ ಹೇಳಲಿಲ್ಲ?"

"ಮೆಂಬರ್ರು ಡಂಗುರ ಹೊಡಸ್ಯಾರಲ್ಲರೀ. ಯಾರೂ ತಕರಾರು ತೆಗೀಬ್ಯಾಡ್ರಿ, ಊರು ಪಾಸಾಗಬೇಕು ಅಂತ."

ನನಗೆ ಬಾಯಲ್ಲಿದ್ದ ಎಲೆ ಅಡಿಕೆ ಸಪ್ಪೆಯಾಯಿತು. ಈಶಪ್ಪ ನಮ್ಮನ್ನು ಊರು ತೋರಿಸಲು ಕರೆದೊಯ್ದಿರಲಿಲ್ಲ, ಊರನ್ನು ಪಾಸು ಮಾಡಿಸಲು ಕರೆದೊಯ್ದಿದ್ದ. ಅಂಗಡಿಯನ್ನು ಹಿರೇಕೊಪ್ಪಕ್ಕೆ ಕಳಿಸುವ ಕೆಲಸ ಅವನು ಹೋಳಿಗೆ ಬಡಿಸಿ ಮಾಡುತ್ತಿದ್ದ, ಪಾಪ, ಅವನಿಗೇ ತಿಳಿಯದ ಹಾಗೆ. ಅವನ ಬೈಕಿನ ಹಿಂದೆ ಗಾಡಿ ಓಡಿಸಿದವನು ನಾನು.

ಒಳಗೆ ಹೋಗಿ ಮೇಡಂಗೆ ಎಲ್ಲ ಹೇಳಿದೆ. ಅವರು ಅರ್ಧ ಹೋಳಿಗೆಯನ್ನು ತಾಟಿನಲ್ಲೇ ಬಿಟ್ಟು ಎದ್ದರು. ಈಶಪ್ಪ ತುಪ್ಪದ ಗಿಂಡಿ ಹಿಡಿದು ಬಂದವನು ಅಲ್ಲೇ ನಿಂತ. ಅವನ ಮುಖ ಸಣ್ಣಗಾಯಿತು.

"ನಾವು ಸುಳ್ಳು ತೋರಿಸೀವೇನ್ರಿ? ನಾಕು ಕಡ್ಡಿ ಬಂದದ್ದು ಸುಳ್ಳಾ?"

ಇಂಥ ಹೊತ್ತಿನಲ್ಲಿ ಮನುಷ್ಯನ ಮುಖಕ್ಕೆ ತಪ್ಪು ಹಿಡಿದರೆ ಅವನು ಗೋಡೆಯಾಗುತ್ತಾನೆ. ನಾನು ಅವನ ಹೆಗಲ ಮೇಲೆ ಕೈ ಹಾಕಿ ಕಟ್ಟೆಗೆ ಕರೆದುಕೊಂಡು ಹೋದೆ.

"ಮೆಂಬರ್ರ, ನಿಮ್ಮ ತಯಾರಿ ನಾ ಎಲ್ಲೂ ನೋಡಿಲ್ಲ. ಆದ್ರ ಇದು ಬ್ಯಾರೆ ನಮೂನಿ ಪರೀಕ್ಷಾ ಐತ್ರಿ. ಡಾಕ್ಟರ್ ಕಡೆ ಹೋಗಿ, ನೋವು ಇಲ್ಲದ ಕಾಲು ತೋರಿಸಿದ್ರ ಔಷಧಾ ಕೊಡ್ತಾರೇನು?"

ಈಶಪ್ಪ ತುಪ್ಪದ ಗಿಂಡಿಯನ್ನು ಕಟ್ಟೆಯ ಮೇಲಿಟ್ಟ. "ಅಂದ್ರ ಫೇಲಾದ್ರ ಟವರ್ ಕೊಡ್ತಾರ?"

"ಹೌದ್ರಿ. ಪಾಸಾದ್ರ ಕೈ ಮುಗದು ಹೋಗ್ತಾರ."

"ಯವ್ವಾ!" ಎಂದು ಅವನು ಹಣೆ ಬಡಿದುಕೊಂಡ. ಮರುಗಳಿಗೆಯೇ ಎದ್ದ. "ಹಂಗಾದ್ರ ನಡೀರಿ. ನಮ್ಮೂರಾಗ ಫೇಲ್ ಆಗೂ ಜಾಗ ಬೇಕಷ್ಟು ಅದಾವು."

ಬೊಲೆರೊ ಓಣಿಗಳೊಳಗೆ ಹೋಗುವಂತಿರಲಿಲ್ಲ. ಶಂಕ್ರಮ್ಮ ಗುಡ್ಡದ ಮೇಲೆ ಮುದುಕಮ್ಮನ ಹೆಬ್ಬೆಟ್ಟು ಒತ್ತಿಸಿ, ತಾನು ಮೊದಲು ಇಳಿದು ಬಂದು, ಅಕ್ಕಿಯ ಚೀಲ ಸಾಗಿಸಲು ಇಟ್ಟುಕೊಂಡಿದ್ದ ತಳ್ಳುಗಾಡಿ ತಂದಳು. ಅದರ ಮೇಲೆ ಪೆಟ್ಟಿಗೆ, ಲ್ಯಾಪ್‌ಟಾಪ್, ನನ್ನ ಗಾಡಿಯ ಎರಡನೇ ಬ್ಯಾಟರಿ ಇಟ್ಟೆವು. ಒಂದು ಬಿದಿರು ಕೋಲು ಕಟ್ಟಿ, ಬೊಲೆರೊದ ತಲೆಯಷ್ಟೇ ಎತ್ತರಕ್ಕೆ ಆಂಟೆನಾ ನಿಲ್ಲಿಸಿದೆವು. ಎತ್ತರ ಬದಲಾದರೆ ಲೆಕ್ಕ ಬದಲಾಗುತ್ತದೆ ಎಂದು ಮೇಡಂ ಟೇಪು ಹಿಡಿದು ಎರಡು ಸಲ ನೋಡಿದರು. ನಾನು ತಳ್ಳಿದೆ. ಮೇಡಂ ಪಕ್ಕದಲ್ಲಿ ನಡೆದರು. ಈಶಪ್ಪ ಮುಂದೆ ನಿಂತು ಅಗೆದ ತಗ್ಗುಗಳ ಮೇಲೆ ಹಲಗೆ ಹಾಕಿಸುತ್ತ ಹೋದ.

ಊರು ಹೊರಗೆ ಬಂತು. ಪ್ರತಿ ಮನೆಯ ಮುಂದೆ ಲ್ಯಾಪ್‌ಟಾಪಿನೊಳಗೆ ಇಣುಕಿ, "ನಮ್ಮನಿಗೆ ಎಷ್ಟು ಬಂತ್ರಿ?" ಎಂದು ಕೇಳುವವರೇ. ಈ ಅಳತೆಯಲ್ಲಿ ಅಂಕಿಗೆ ಮೊದಲು ಒಂದು ಮೈನಸ್ ಇರುತ್ತದೆ. ಎಪ್ಪತ್ತು ಎಂದರೆ ಚೆನ್ನಾಗಿ ಬರುತ್ತದೆ ಎಂದರ್ಥ, ನೂರಿಪ್ಪತ್ತು ಎಂದರೆ ಸತ್ತಂತೆ. ಅದು ಅವರಿಗೇನು ಗೊತ್ತು?

"ನೂರಾ ಹತ್ತು," ಎಂದರು ಮೇಡಂ ಒಂದು ಬಾಗಿಲಲ್ಲಿ.

ಮುಂದಿನ ಬಾಗಿಲಲ್ಲಿ, "ನೂರಾ ಹದಿನೆಂಟು."

"ನೋಡು!" ಎಂದು ಆ ಮನೆಯ ಮಾಶಾಬಿ ಸೊಂಟದ ಮೇಲೆ ಕೈ ಇಟ್ಟು ನೆರೆಮನೆಯವಳ ಕಡೆ ತಿರುಗಿದಳು. "ಮೊನ್ನಿ ಹೊಸಾ ಫೋನ್ ತಂದೀನಿ ಅಂತ ಹಾರಾಡತಿದ್ದಿ. ನಿಂದು ನೂರಾ ಹತ್ತು, ನಂದು ನೂರಾ ಹದಿನೆಂಟು!"

"ಆಂಟೆನಾ ನಿಮ್ಮ ಕಡೆ ವಾಲಿತ್ತು ಬಿಡವಾ," ಎಂದಳು ಅವಳು. ಮೇಡಂ ಕಡೆ ತಿರುಗಿ, "ಇನ್ನೊಮ್ಮೆ ಅಳೀರಿ ಅಕ್ಕಾರ," ಎಂದಳು.

ಅವರಿಗೆ ತಿಳಿಸಿ ಹೇಳಲು ಈಶಪ್ಪ ಬಾಯಿ ತೆರೆದ. ನಾನು ಕಣ್ಣು ಮಿಟುಕಿಸಿದೆ. ಇರಲಿ, ಖುಷಿಪಡಲಿ. ಅಳತೆಗೆ ಅದರಿಂದ ಏನೂ ಆಗುವುದಿಲ್ಲ.

ರೇಷನ್ ಅಂಗಡಿಯ ಮುಂದೆ ನೂರಾ ಇಪ್ಪತ್ತೊಂದು ಬಂತು. ಊರಿಗೇ ಫಸ್ಟು. ಶಂಕ್ರಮ್ಮ ನಗಲಿಲ್ಲ. "ಇದು ಸಾಕೇನ್ರಿ?" ಎಂದು ಮಾತ್ರ ಕೇಳಿದಳು.

ಮೇಡಂ ಅಂಕಿಯನ್ನು ಇನ್ನೊಮ್ಮೆ ಓದಿದರು. ಅವರಿಗೆ ಹೊಸ ಚಿಂತೆ ಹತ್ತಿತ್ತು. ಊಹೆ ಹೇಳಿದ್ದು ಎಂಬತ್ತೆಂಟು, ಅಳತೆ ಹೇಳುತ್ತಿದ್ದುದು ಅದಕ್ಕಿಂತ ಮೂವತ್ತಮೂರು ಹೆಚ್ಚು. ಏಳೆಂಟು ಫರಕು ಬಂದರೆ ಯಾರೂ ಕೇಳುವುದಿಲ್ಲ. ಮೂವತ್ತು ದಾಟಿದರೆ ದೊಡ್ಡವರನ್ನು ಕೇಳಲೇಬೇಕು. ಹೈದರಾಬಾದಿನಲ್ಲಿದ್ದ ಅವರ ಸಾಹೇಬರಿಗೆ ಫೋನು ಮಾಡಲು ಮೇಡಂ ಅದೇ ಕಲ್ಲಿನ ಗುಡ್ಡ ಹತ್ತಬೇಕಾಯಿತು. ನಾನೂ ಹಿಂದೆ ಹೋದೆ. ಮೇಲೆ ಮುದುಕಮ್ಮ ಹೆಬ್ಬೆಟ್ಟು ಒತ್ತಿ ಮುಗಿಸಿ, ಇಳಿಯಲು ಉಸಿರು ಕೂಡಿಸಿಕೊಳ್ಳುತ್ತ ಒಂದು ಕಲ್ಲಿನ ಮೇಲೆ ಕುಳಿತಿದ್ದಳು.

ಸಾಹೇಬರು ಸಮಾಧಾನದ ಮನುಷ್ಯ. ಹಿಂದಿಯಲ್ಲಿ ಹೇಳಿದ್ದು ಇಷ್ಟು: ಬೆಳಿಗ್ಗೆ ಗಾಡಿಯಲ್ಲಿ ಅಳೆದದ್ದು ಸರಿಯಾಗಿ ಕೂಡಿದೆ, ಮಧ್ಯಾಹ್ನ ತಳ್ಳುಗಾಡಿಯಲ್ಲಿ ಅಳೆದದ್ದು ಕೂಡಿಲ್ಲ. ಆ ಕುಲುಕಾಟದಲ್ಲಿ ಕೇಬಲ್ ಸಡಿಲಾಗಿರಬೇಕು. ಇಷ್ಟು ಕೆಟ್ಟ ಚುಕ್ಕಿಗಳನ್ನು ಲೆಕ್ಕಕ್ಕೆ ಸೇರಿಸಿದರೆ ಇಡೀ ಜಿಲ್ಲೆಯ ಊಹೆ ಹಾಳಾಗುತ್ತದೆ. ಹೀಗೇಕೆ ಬಂತು ಎಂಬುದಕ್ಕೆ ಕಾರಣ ಕೊಡು, ಇಟ್ಟುಕೊಳ್ಳೋಣ. ಕಾರಣ ಇಲ್ಲದಿದ್ದರೆ ಸಂಜೆಯೊಳಗೆ ಆ ಚುಕ್ಕಿಗಳನ್ನು ತೆಗೆದುಹಾಕು.

ಫೋನಿಟ್ಟು ಮೇಡಂ ಕಲ್ಲಿನ ಮೇಲೆ ಕುಳಿತರು. "ಅವರು ಹೇಳಿದ್ದೂ ಖರೇ ಐತಿ ಹಾಲೇಶಣ್ಣ. ನಮ್ಮ ಮನಸ್ಸಿಗೆ ಬಂದಂಗ ಚುಕ್ಕಿ ಇಡಾಕ ಬರಂಗಿಲ್ಲ. ಆ ಚುಕ್ಕಿ ತಗದ್ರ ಊರು ಮತ್ತ ಹಸಿರು."

"ಹಸಿರಾದ್ರ ಅಂಗಡಿ ಹೋತು."

"ಹೌದು." ಅವರು ಫೋನಿನಲ್ಲಿ ನಕಾಶೆ ತೆರೆದು ನನ್ನ ಕಡೆ ತಿರುಗಿಸಿದರು. "ನೋಡ್ರಿ. ಟವರ್ ಅಲ್ಲಿ, ಮೂರು ಕಿಲೋಮೀಟರ್. ಊರು ಇಲ್ಲಿ. ನಡುವ ಎಲ್ಲಾ ಮಟ್ಟಸ ಹೊಲ, ಏನೂ ಅಡ್ಡ ಇಲ್ಲ. ಸಿಗ್ನಲ್ ಬರಾಕ ಬೇಕು. ಯಾಕ ಬರವಲ್ದು?"

ನಾನು ಪರದೆ ನೋಡಿದೆ, ಆಮೇಲೆ ನಾವು ಕುಳಿತ ಜಾಗ ನೋಡಿದೆ. ಒಂದು ಮಗ್ಗುಲಿಗೆ ದೂರದಲ್ಲಿ ಟವರ್ ಕಾಣುತ್ತಿತ್ತು. ಇನ್ನೊಂದು ಮಗ್ಗುಲಿಗೆ, ನಮ್ಮ ಕಾಲ ಕೆಳಗೆ, ಊರಿನ ಮಾಳಿಗೆಗಳು.

"ಮೇಡಂ, ಈ ನಕಾಶ್ಯಾಗ ನಾವು ಎಲ್ಲಿ ಕುಂತೀವಿ?"

ಅವರು ಬೆರಳಿಟ್ಟು ತೋರಿಸಿದರು. "ಇಲ್ಲಿ. ಈ ಹೊಲದಾಗ."

"ಹೊಲದಾಗ ಕುಂತೀವೇನ್ರಿ ನಾವು?"

ಮೇಡಂ ಪರದೆಯಿಂದ ಬೆರಳು ತೆಗೆದರು. ಆಮೇಲೆ ಎದ್ದು ನಿಂತು ಸುತ್ತಲೂ ನೋಡಿದರು.

"ಈ ಗುಡ್ಡ ದೇವರು ಮಾಡಿದ್ದಲ್ರಿ," ಎಂದೆ. "ನಾ ಮಾಡಿದ್ದು. ನಾನೂ, ನನ್ನಂಥಾ ಮೂವತ್ತು ಜನಾ ಟಿಪ್ಪರ್ ಡ್ರೈವರ್ರು. ಆ ಕಡೆ ಗ್ರಾನೈಟ್ ಕ್ವಾರಿ ಇತ್ತು. ಛಲೋ ಕಲ್ಲು ಲಾರಿ ಹತ್ತತಿತ್ತು, ಒಡಕು ಕಲ್ಲು ತಂದು ಇಲ್ಲಿ ಸುರೀತಿದ್ವಿ. ಆರು ವರ್ಷ ಸುರಿದೀನಿ. ಮೊದಲ ಟ್ರಿಪ್ ತಂದಾಗ ಇದು ಖರೇನ ಹೊಲಾ ಇತ್ತು."

ಬೆಳಿಗ್ಗೆ ಇದರ ಮೇಲೆ ಗಾಡಿ ಹತ್ತಿಸುವಾಗಲೇ ಗುಡ್ಡದ ಗುರುತು ಸಿಕ್ಕಿತ್ತು, ಆದರೆ ಅದು ಊರಿಗೂ ಟವರಿಗೂ ಅಡ್ಡ ನಿಂತಿದೆ ಎಂದು ನನಗೆ ಹೊಳೆದಿರಲಿಲ್ಲ. ತಾನು ಸುರಿದ ಕಲ್ಲು ಯಾರ ಮನೆಗೆ ನೆರಳು ಹಾಕುತ್ತದೆ ಎಂದು ಟಿಪ್ಪರ್ ಓಡಿಸುವವನು ತಿರುಗಿ ನೋಡುವುದಿಲ್ಲ.

"ಈ ನಕಾಶ್ಯಾಗಿನ ಎತ್ತರ ಇಪ್ಪತ್ತು ವರ್ಷದ ಹಿಂದಿನವು," ಎಂದರು ಮೇಡಂ. "ಲೆಕ್ಕ ತಪ್ಪಿಲ್ಲ ಹಾಲೇಶಣ್ಣ. ನೆಲಾನೇ ಬದಲಾಗೈತಿ."

ಕಾರಣ ಸಿಕ್ಕಿತು. ಇನ್ನು ಅದನ್ನು ತೋರಿಸಬೇಕಿತ್ತು. ಬಿಸಿಲು ಇಳಿಯಲು ಎರಡು ತಾಸು ಉಳಿದಿತ್ತು. ಸಾಹೇಬರ ಮೊದಲ ಅನುಮಾನ ಕೇಬಲ್ಲಿನದು. ಅದೇ ತಳ್ಳುಗಾಡಿಯನ್ನು, ಒಂದು ತಂತಿಯನ್ನೂ ಮುಟ್ಟದೆ, ಗುಡ್ಡದ ಮೇಲೆ ತಂದು ಅಳೆದು ಬೆಳಗಿನ ಅಂಕಿಯೇ ಬಂದರೆ ಕೇಬಲ್ ಸರಿ ಇದೆ ಎಂದಾಯಿತು. ನಾನು ಕೆಳಗಿಳಿದು ಹೇಳಿದೆ, ಈಶಪ್ಪ ಕೂಗು ಹಾಕಿದ. ಶಂಕ್ರಮ್ಮ ಸೆರಗು ಸಿಕ್ಕಿಸಿ ಗಾಡಿಯ ಹಿಡಿಕೆ ಹಿಡಿದಳು. ಮಾಶಾಬಿ, ಅವಳ ನೆರೆಮನೆಯವಳು, ಇನ್ನೂ ಆರೇಳು ಹೆಂಗಸರು ಸೇರಿದರು.

"ನೂಕವಾ, ನೂಕು! ಬರೇ ನೂರಾ ಹತ್ತು ಬಂದದ್ದು ಇದಕ್ಕ ನೋಡು, ಕೈಯಾಗ ಕಸುವಿಲ್ಲ," ಎಂದಳು ಮಾಶಾಬಿ.

"ಬಾಯಾಗಿನ ಕಸುವು ಕೈಗೆ ತಗೋ ನೀ," ಎಂದಳು ನೆರೆಮನೆಯವಳು.

ಇಬ್ಬರೂ ಒಂದೇ ಹಿಡಿಕೆಯನ್ನು ನೂಕುತ್ತಿದ್ದರು. ನಾನು ಮತ್ತು ಈಶಪ್ಪ ಗಾಲಿಗಳ ಹಿಂದೆ ಕಲ್ಲು ಕೊಡುತ್ತ, ತೆಗೆಯುತ್ತ ಬಂದೆವು. ಆಂಟೆನಾ ಮದುವೆಯ ಬಾಸಿಂಗದಂತೆ ಅಲುಗಾಡುತ್ತ ಮೇಲೆ ಬಂತು. ಮೇಲೆ ಟವರಿನ ಕಡೆ ಮುಖ ಮಾಡಿ ನಿಲ್ಲಿಸಿದಾಗ ಮೇಡಂ ಓದಿದರು: "ಎಪ್ಪತ್ತೆಂಟು." ಬೆಳಿಗ್ಗೆ ಬೊಲೆರೊದಲ್ಲಿ ಬಂದದ್ದು ಎಪ್ಪತ್ತೇಳು.

"ಅಯ್ಯ, ಇಷ್ಟು ಕಷ್ಟಪಟ್ಟು ನೂಕಿದ್ರ ಬರೇ ಎಪ್ಪತ್ತೆಂಟಾ?" ಮಾಶಾಬಿಗೆ ಬೇಜಾರಾಯಿತು.

ಆಮೇಲೆ ಗುಡ್ಡದ ಅಳತೆ. ಮೇಡಂ ಕೈಯಲ್ಲಿ ಜಾಗ ಮತ್ತು ಎತ್ತರ ತೋರಿಸುವ ಯಂತ್ರ ಹಿಡಿದು ಗುಡ್ಡದ ಅಂಚು ಸುತ್ತಿದರು. ಈಶಪ್ಪ ಬಿಳಿ ಅಂಗಿಗೆ ಕಲ್ಲಿನ ಧೂಳು ಮೆತ್ತಿಕೊಂಡು ಅವರ ಮುಂದೆ ಮುಂದೆ ನಡೆದು, ಜಾರುವ ಕಲ್ಲುಗಳನ್ನು ಒದ್ದು ನೋಡಿ ದಾರಿ ಹೇಳಿದ. ಎತ್ತರದ ಅಂಕಿ ಮೇಲೆ ಕೆಳಗೆ ಆಡುತ್ತಿತ್ತು, ಅದಕ್ಕೆ ತುದಿಯಲ್ಲಿ ಐದು ಸಲ, ಬುಡದಲ್ಲಿ ಐದು ಸಲ ನಿಂತು ನೋಡಿದರು. ಗುಡ್ಡ ಇಪ್ಪತ್ತಾರು ಮೀಟರ್. ಮೂರು ಫೋಟೊ ತೆಗೆದರು. ಒಂದರಲ್ಲಿ ಅಳತೆಗೆಂದು ನನ್ನನ್ನು ನಿಲ್ಲಿಸಿದರು, ಗುಡ್ಡದ ಬುಡದಲ್ಲಿ ನಾನು ಒಂದು ಬೆರಳಿನಷ್ಟು ಕಾಣುತ್ತೇನೆ.

ಮೇಡಂ ಗುಡ್ಡವನ್ನು ನಕಾಶೆಯೊಳಗೆ ಬರೆದು ಲೆಕ್ಕವನ್ನು ಮತ್ತೆ ಓಡಿಸಿದರು. ಕಂಪ್ಯೂಟರ್ ಐದು ನಿಮಿಷ ತೆಗೆದುಕೊಂಡಿತು. ಊರೆಲ್ಲ ಪರದೆಯ ಸುತ್ತ ಮುಗಿಬಿದ್ದಿತ್ತು. ಹಸಿರು ಅಳಿಸಿಹೋಗಿ, ಗುಡ್ಡದ ಹಿಂದಿನಿಂದ ಊರಿನ ಮೇಲೆ ಕೆಂಪು ಹರಡಿಕೊಂಡಿತು. ರೇಷನ್ ಅಂಗಡಿಯ ಜಾಗದಲ್ಲಿ ಊಹೆ ಈಗ ನೂರಾ ಹದಿನೇಳು ಎನ್ನುತ್ತಿತ್ತು. ಅಳತೆ ನೂರಾ ಇಪ್ಪತ್ತೊಂದು.

"ಕೆಂಪಾತು! ಕೆಂಪಾತ್ರಲೇ!" ಈಶಪ್ಪ ಕುಣಿದೇಬಿಟ್ಟ.

ಮುದುಕಮ್ಮ ನನ್ನ ತೋಳು ಜಗ್ಗಿದಳು. "ಕೆಂಪು ಅಂದ್ರ ಛಲೋನೋ, ಕೆಟ್ಟದ್ದೋ?"

"ಇವತ್ತಿಗೆ ಛಲೋ ಯವ್ವಾ."

ಶಂಕ್ರಮ್ಮ ಮಾತ್ರ ಮೇಡಂ ಮುಖವನ್ನೇ ನೋಡುತ್ತ ನಿಂತಿದ್ದಳು. ಮೇಡಂ ಫೋಟೊ, ಅಂಕಿ, ಎರಡೂ ನಕಾಶೆಗಳನ್ನು ಅಲ್ಲಿಂದಲೇ ಕಳಿಸಿ ಫೋನು ಹಚ್ಚಿದರು. ಆ ಕಡೆ ಸಾಹೇಬರು ಅಂಕಿಗಳನ್ನು ಇನ್ನೊಮ್ಮೆ ಓದಿಸಿಕೊಂಡರು. ಆಮೇಲೆ, ಚುಕ್ಕಿಗಳು ಇರಲಿ ಎಂದರು. ಆ ತಾಲೂಕಿನಲ್ಲಿ ಇಂಥ ಕ್ವಾರಿ ಗುಡ್ಡ ಇನ್ನೆಷ್ಟಿವೆ ಎಂದು ಕೇಳಿದರು. ಮೇಡಂ ನನ್ನ ಕಡೆ ನೋಡಿದರು. ನಾನು ಬೆರಳು ಮಡಚುತ್ತ ಹೋದೆ. ಒಂದು ಕೈ ಸಾಲಲಿಲ್ಲ.

"ಹಂಗಾದ್ರ ಹಾಲೇಶಣ್ಣ, ಇನ್ನೂ ಮೂರು ವಾರ ಐತಿ ನಮ್ಮ ಕೆಲಸ," ಎಂದರು ಮೇಡಂ ನಗುತ್ತ.

ಗುಡ್ಡದಿಂದ ಇಳಿಯುವಾಗ ಮುದುಕಮ್ಮನನ್ನು ತಳ್ಳುಗಾಡಿಯಲ್ಲಿ ಪೆಟ್ಟಿಗೆಯ ಪಕ್ಕ ಕೂರಿಸಿದೆವು. ಅವಳು ಒಂದು ಕೈಯಲ್ಲಿ ಆಂಟೆನಾದ ಕೋಲು ಹಿಡಿದು, "ಮೆಲ್ಲಕರ್ರೋ, ಸಾಮಾನಾ ಒಡದೀತು," ಎಂದು ನಮಗೇ ಬುದ್ಧಿ ಹೇಳುತ್ತ ಬಂದಳು.

ಪಟ್ಟಿ ಸಂಕ್ರಾಂತಿ ಮುಗಿದ ಮೇಲೆ ಬಂತು. ಗುಂಡಮರಡಿಯ ಹೆಸರು ಹನ್ನೊಂದನೆಯದು. ಅದನ್ನು ತೋರಿಸಿ ಶಂಕ್ರಮ್ಮ ನೋಟಿಸಿಗೆ ಉತ್ತರ ಬರೆಸಿದಳು, ಅಂಗಡಿ ಕದಲಲಿಲ್ಲ. ಟವರಿಗೆ ಜಾಗ ಕೊಟ್ಟವನು ಈಶಪ್ಪ. ಗುಡ್ಡದ ಮೇಲೇ ನಿಲ್ಲಿಸಿ ಎಂದು ಮೊದಲು ಹಟ ಹಿಡಿದಿದ್ದನಂತೆ. ಸಡಿಲ ಕಲ್ಲಿನ ಮೇಲೆ ಟವರ್ ನಿಲ್ಲುವುದಿಲ್ಲ ಎಂದ ಮೇಲೆ, ಶಾಲೆಯ ಹಿಂದಿನ ತನ್ನ ತುಂಡು ಹೊಲ ತೋರಿಸಿದ.

ಮುಂದಿನ ಮುಂಗಾರಿನಲ್ಲಿ ಯಾರನ್ನೋ ಕುಷ್ಟಗಿಗೆ ಬಿಟ್ಟು ವಾಪಸು ಬರುವಾಗ ಗಾಡಿ ತಾನಾಗಿಯೇ ಗುಂಡಮರಡಿಗೆ ತಿರುಗಿತು. ಶಾಲೆಯ ಹಿಂದೆ ಹೊಸ ಟವರ್ ಎದ್ದಿತ್ತು. ಅಂಗಡಿಯ ಮುಂದೆ ಹೆಂಗಸರು ಸಾಲಾಗಿ ಕುಳಿತಿದ್ದರು, ಮಾತು ಜೋರಾಗಿತ್ತು. ಮುದುಕಮ್ಮ ಮಷಿನಿನ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಮಷಿನ್ ಒಲ್ಲೆ ಎಂದಿತು. ಮತ್ತೆ ಒತ್ತಿದಳು. ಮತ್ತೆ ಒಲ್ಲೆ.

ನಾನು ಗಾಡಿಯಿಂದ ಇಳಿದು ಹತ್ತಿರ ಹೋದೆ. "ಯಾಕಕ್ಕಾ, ನೆಟ್‌ವರ್ಕ್ ಹೋತೇನು?"

"ನೆಟ್‌ವರ್ಕ್ ಭರ್ತಿ ಐತ್ರಿ," ಎಂದಳು ಶಂಕ್ರಮ್ಮ. "ಅವ್ವನ ಬಟ್ಟಿನ ಗೆರೀನ ಸವದು ಹೋಗ್ಯಾವು."

"ಅರವತ್ತು ವರ್ಷ ರೊಟ್ಟಿ ಬಡದೀನಿ," ಎಂದಳು ಮುದುಕಮ್ಮ ಬೆರಳನ್ನು ಬೆಳಕಿಗೆ ಹಿಡಿದು. "ಗೆರಿ ನಿನ್ನ ಮಷಿನಿಗೆ ಅಂತ ಎತ್ತಿ ಇಡಬೇಕಿತ್ತೇನು?" ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ, ಈ ಸಲ ರೊಟ್ಟಿ ತಟ್ಟುವ ಜೋರಿನಲ್ಲೇ ಒತ್ತಿದಳು.

ಮಷಿನ್ ಒಪ್ಪಿತು. 'ಕಿರ್' ಎಂದು ಚೀಟಿ ಬಂತು. ಶಂಕ್ರಮ್ಮ ಅಕ್ಕಿ ತೂಗಿ ಚೀಲಕ್ಕೆ ಸುರಿದಳು. ನಾನು ಚೀಲ ಹೆಗಲಿಗೇರಿಸಿಕೊಂಡು ಅಜ್ಜಿಯ ಹಿಂದೆ ನಡೆದೆ. ಅಂಗಡಿಯಿಂದ ಅವಳ ಬಾಗಿಲಿಗೆ ಹನ್ನೆರಡು ಹೆಜ್ಜೆ.